ರೋಮನ್ ದೊರೆಗಳ ಶೆಲ್ಫ್: ಒಬ್ಬರಿಗೆ ಒಂದೇ ಪುಸ್ತಕ, ಇಲ್ಲಿವರೆಗಿನ ಅಪ್‌ಡೇಟ್

ಗೊತ್ತಿಲ್ದೋರಿಗೆ ಮತ್ತೊಂದ್ಸಲ ಹೇಳ್ಬಿಡ್ತೀನಿ, ಈ ಪ್ರಾಜೆಕ್ಟ್ ರೂಲ್ ಸಿಂಪಲ್: ಜೂಲಿಯಸ್ ಸೀಸರ್‌ನಿಂದ ಮಾರ್ಕಸ್ ಅರೀಲಿಯಸ್‌ವರೆಗೆ, ಮುಖ್ಯ ಅನ್ಸೋ ಒಬ್ಬೊಬ್ಬ ದೊರೆಗೂ ಒಂದೇ ಒಂದು ಜೀವನಚರಿತ್ರೆ, ಓದಿ ಮುಗಿಸಿದ ಮೇಲೂ ಶೆಲ್ಫಲ್ಲಿ ಜಾಗ ಕೊಡೋಕೆ ಲಾಯಕ್ಕಾಗಿರೋದು. ಹಿಂದಿನ ಅಪ್‌ಡೇಟ್ ಹೊತ್ತಿಗೆ ಸೀಸರ್ ಒಬ್ನೇ ಫಿಕ್ಸ್ ಆಗಿದ್ದ (ಗೋಲ್ಡ್ಸ್‌ವರ್ದಿ ಬರೆದಿರೋ 2006ರ ದಪ್ಪ ಪುಸ್ತಕ, ಗಾಲ್, ಅಂದ್ರೆ ಇವತ್ತಿನ ಫ್ರಾನ್ಸ್ ಕಡೆಯ ಯುದ್ಧದ ಭಾಗ ಸಖತ್ತಾಗಿದೆ, ಅದನ್ನೇ ಮತ್ತೆ ಕೊರೆಯಲ್ಲ). ಈಗ ಕ್ಯಾಲಿಗುಲ, ಕ್ಲಾಡಿಯಸ್, ನೀರೋ ಮುಗೀತು, ಟೈಬೀರಿಯಸ್ ಮುಕ್ಕಾಲು ಆಯ್ತು, ಆಗಸ್ಟಸ್ ವಿಷ್ಯದಲ್ಲಿ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಆರಿಸೋ ವಿಧಾನ ಒಂದು ಹದಕ್ಕೆ ಬಂದಿದೆ. ಮುಖಪುಟ, ಸ್ಟಾರ್ ರೇಟಿಂಗ್, ಹಿಂಬದಿಯಲ್ಲಿ ದೊಡ್ಡ ಪತ್ರಿಕೆಯವ್ರು ಹೊಗಳಿರೋ ಸಾಲು, ಇವ್ಯಾವ್ದೂ ನೋಡಲ್ಲ. ಆ ದೊರೆ ಬಗ್ಗೆ ಎಲ್ಲರ ಬಾಯಲ್ಲೂ ಇರೋ ಒಂದು ಗಾಸಿಪ್ ತಗೋತೀನಿ, ಪುಸ್ತಕದ ಕೊನೇಲಿರೋ ಇಂಡೆಕ್ಸಲ್ಲಿ ಹುಡುಕಿ ಸೀದಾ ಆ ಪೇಜಿಗೇ ಹೋಗ್ತೀನಿ, ಈ ಕತೆ ಮೊದ್ಲು ಹೇಳಿದ್ದು ಯಾರು, ಘಟನೆ ಆದ ಎಷ್ಟು ವರ್ಷಕ್ಕೆ ಹೇಳಿದ್ದು, ಹೇಳಿದವ್ನಿಗೆ ಅದ್ರಿಂದ ಏನ್ ಲಾಭ ಅಂತ ಲೇಖಕ ತಲೆ ಕೆಡಿಸ್ಕೊಂಡಿದ್ರೆ ಪುಸ್ತಕ ಪಾಸ್. ಕತೆನ ಕಣ್ಣಾರೆ ಕಂಡೋರ ಥರ ಬಣ್ಣ ಹಚ್ಚಿ ಬರ್ದು ಮುಂದೆ ಹೋಗ್ಬಿಟ್ಟಿದ್ರೆ ಫೇಲ್. ಇಂಡೆಕ್ಸೇ ಇಲ್ವಾ, ಅಲ್ಲೇ ವಾಪಸ್ ಇಡೋದು. ಇ-ಬುಕ್ ಆದ್ರೆ ಸ್ಯಾಂಪಲ್‌ನಲ್ಲಿ ಮೊದಲ ಅಧ್ಯಾಯ ಮಾತ್ರ ಸಿಗುತ್ತೆ, ಆದ್ರೆ ಒಳ್ಳೆ ಲೇಖಕರು ಮೂಲಗಳ ಬಗ್ಗೆ ಮಾತಾಡೋದು ಸಾಮಾನ್ಯವಾಗಿ ಅಲ್ಲೇ, ಹಾಗಾಗಿ ಅಷ್ಟು ಸಾಕಾಗುತ್ತೆ.

ಕ್ಯಾಲಿಗುಲಗೆ ಗಾಸಿಪ್ ಯಾವ್ದು ಅಂತ ಕೇಳೋದೇ ಬೇಡ, ಕುದುರೆನ ಕಾನ್ಸುಲ್ (ರೋಮಿನ ಉನ್ನತ ಪದವಿ) ಮಾಡ್ದ ಅನ್ನೋದು. ಮೂಲ ತೆಗೆದು ನೋಡಿದ್ರೆ ಯಾರೂ ಹಂಗೆ ಹೇಳೇ ಇಲ್ಲ! ದೊರೆಗಳ ಜೀವನಚರಿತ್ರೆ ಬರೆದ ರೋಮನ್ ಲೇಖಕ ಸ್ವೆಟೋನಿಯಸ್ ಬರೆಯೋದು ಆ ಕುದುರೆಗೆ ಅಮೃತಶಿಲೆ ಲಾಯ, ದಂತದ ಗೋದಲಿ, ನೇರಳೆ ಹೊದಿಕೆ, ಆಳುಕಾಳು ಎಲ್ಲಾ ಇತ್ತು, ಕಾನ್ಸುಲ್ ಮಾಡೋ ಯೋಚನೆನೂ ಇತ್ತು ಅಂತ ಜನ ಹೇಳ್ತಾರೆ, ಅಷ್ಟೇ. ಕ್ಯಾಲಿಗುಲ ಕೊಲೆಯಾಗಿದ್ದು ಕ್ರಿ.ಶ. 41ರಲ್ಲಿ, ಸ್ವೆಟೋನಿಯಸ್ ಇದನ್ನ ಬರ್ದಿದ್ದು ಅದಾಗಿ ಸುಮಾರು 80 ವರ್ಷಕ್ಕೆ. ಅವ್ನಿಗಿಂತಲೂ ನೂರು ವರ್ಷ ಆಚೆ ಬರೋ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಕೈಗೆ ಕತೆ ಸಿಕ್ಕಾಗ ಕುದುರೆ ಮೇವಿನಲ್ಲೂ ಚಿನ್ನ ಸೇರ್ಕೊಂಡಿತ್ತು, ಆದ್ರೆ ಅವ್ನೂ ಮಾತು ಕೊಟ್ಟಿದ್ದ ಅಂತಾನೇ ಹೊರತು ಮಾಡ್ದ ಅನ್ನಲ್ಲ.

ಈ ಟೆಸ್ಟಲ್ಲಿ ಕೊನೆವರೆಗೂ ಉಳಿದಿದ್ದು ಎರಡು. ಆಂಥೊನಿ ಬ್ಯಾರೆಟ್ ಅವ್ರದು (ಮೊದಲು ಬಂದಿದ್ದು 1989, ತಿದ್ದಿದ ಆವೃತ್ತಿ 2015), ಇನ್ನೊಂದು ಜರ್ಮನ್ ಪ್ರೊಫೆಸರ್ ಅಲಾಯ್ಸ್ ವಿಂಟರ್ಲಿಂಗ್ ಅವ್ರದು, ಇಂಗ್ಲಿಷಿಗೆ 2011ರಲ್ಲಿ ಬಂತು. ವಿಂಟರ್ಲಿಂಗ್ ವಾದ ಮಜಾ ಇದೆ: ಹುಚ್ಚೂ ಇಲ್ಲ ಎಂಥದ್ದೂ ಇಲ್ಲ, ಸೆನೆಟರ್‌ಗಳು (ರೋಮಿನ ಹಿರಿಯರ ಸಭೆ ಸೆನೆಟಿನ ಸದಸ್ಯರು) ಜೀವಮಾನವೆಲ್ಲಾ ಒದ್ದಾಡೋ ಪದವಿಯನ್ನ ಕುದುರೆಗೂ ಕೊಡಬಹುದು ಅಂತ ಹೇಳಿ ಅವರ ಮುಖಕ್ಕೆ ಹೊಡೆದಂಗೆ ಅವಮಾನ ಮಾಡಿದ್ದು, ಅದನ್ನೇ ಆಮೇಲೆ ಅವರ ಕಡೆಯೋರು ಹುಚ್ಚು ಅಂತ ಬರ್ಕೊಂಡ್ರು. ಓದ್ತಾ ಓದ್ತಾ ಹೌದಲ್ವಾ ಅನ್ಸುತ್ತೆ, ಆದ್ರೆ ಎಲ್ಲಾ ಘಟನೆಗೂ ಇದೇ ಬೀಗದಕೈ ಹಾಕ್ತಾ ಹೋಗ್ತಾರೆ, ಅರ್ಧಕ್ಕೆ ಬರೋ ಹೊತ್ತಿಗೆ ನಂಗೆ ಡೌಟ್ ಶುರುವಾಯ್ತು. ಬ್ಯಾರೆಟ್ ಅಷ್ಟು ಚುರುಕಾಗಿ ಬರೆಯಲ್ಲ, ಕೆಲವು ಕಡೆ ನಿಧಾನ, ಆದ್ರೆ ಇಲ್ಲಿ ಸಾಕ್ಷಿ ಸಾಲದು ಅಂತ ಹೇಳೋಕೆ ಹಿಂಜರಿಯಲ್ಲ. ಶೆಲ್ಫಿಗೆ ಬ್ಯಾರೆಟ್.

ಕ್ಯಾಲಿಗುಲನ ಮುಖತಃ ನೋಡಿ ಬರೆದವ್ನು ಒಬ್ಬ ಇದ್ದಾನೆ, ಅಲೆಕ್ಸಾಂಡ್ರಿಯಾದ ಫಿಲೋ. ಯಹೂದಿಗಳ ಅಹವಾಲು ತಗೊಂಡು ನಿಯೋಗದ ಜೊತೆ ರೋಮಿಗೆ ಹೋಗಿರ್ತಾನೆ, ದೊರೆ ಸಿಗೋದು ತೋಟದ ಬಂಗಲೆಗಳಲ್ಲಿ, ರಿಪೇರಿ ಕೆಲಸ ನೋಡ್ತಾ ಒಂದು ರೂಮಿಂದ ಇನ್ನೊಂದು ರೂಮಿಗೆ ಹೋಗ್ತಿರ್ತಾನೆ, ಇವ್ರು ಹಿಂದೆ ಹಿಂದೆ ಓಡ್ಬೇಕು, ಮಧ್ಯೆ ತಿರುಗಿ ನೀವ್ಯಾಕೆ ಹಂದಿಮಾಂಸ ತಿನ್ನಲ್ಲ ಅಂತ ಕೇಳ್ತಾನೆ, ಸುತ್ತ ಇರೋ ಹೊಗಳುಭಟ್ರೆಲ್ಲಾ ಗೊಳ್ಳಂತ ನಗ್ತಾರೆ, ಇವ್ರು ಉತ್ತರ ಕೊಡೋಕೆ ಬಾಯಿ ತೆಗೆಯೋಷ್ಟರಲ್ಲಿ ಅವ್ನು ಕಿಟಕಿಗೆ ಏನ್ ಹಾಕ್ಬೇಕು ಅಂತ ಆರ್ಡರ್ ಮಾಡ್ತಿರ್ತಾನೆ. ಫಿಲೋಗೂ ಕೋಪ ಇತ್ತು, ಪಕ್ಷಪಾತ ಇಲ್ಲ ಅಂತಲ್ಲ, ಆದ್ರೆ ಕುದುರೆ ಕತೆಯಲ್ಲಿ ಸಿಗದೇ ಇರೋ ಮನುಷ್ಯ ಈ ಸೀನಲ್ಲಿ ಸಿಗ್ತಾನೆ. ಈ ಭೇಟಿಗೆ ಎರಡೇ ಸಾಲು ಕೊಟ್ಟು ಕುದುರೆಗೆ ಮೂರು ಪೇಜ್ ಕೊಟ್ಟಿರೋ ಪಾಪ್ಯುಲರ್ ಪುಸ್ತಕ ಒಂದು ಸಿಕ್ತು, ಹೆಸರು ಹೇಳಲ್ಲ ಬಿಡಿ.

ಹಂಗಾದ್ರೆ ಸ್ವೆಟೋನಿಯಸ್‌ನೇ ಓದಿದ್ರೆ ಆಗಲ್ವಾ ಅಂತ ಕೇಳಿದ್ರಲ್ಲ ಒಬ್ರು, ಆಗುತ್ತೆ, ಖಂಡಿತ ಓದಿ, ಲ್ಯಾಕಸ್ ಕರ್ಷಿಯಸ್ ಅನ್ನೋ ಸೈಟಲ್ಲಿ ಹಳೇ ಇಂಗ್ಲಿಷ್ ಅನುವಾದ ಫ್ರೀಯಾಗಿದೆ. ಆದ್ರೆ ಅದನ್ನ ಶುರುವಿಗೆ ಓದ್ಬೇಡಿ, ಪಕ್ಕದಲ್ಲಿಟ್ಕೊಂಡು ಓದಿ. ಅವ್ನು ವರ್ಷದ ಪ್ರಕಾರ ಬರೆಯಲ್ಲ, ವಿಷಯದ ಪ್ರಕಾರ ಬರೀತಾನೆ, ಒಳ್ಳೇದೆಲ್ಲ ಒಂದು ಕಡೆ, ಕೆಟ್ಟದ್ದೆಲ್ಲ ಒಂದು ಕಡೆ. ಕ್ಯಾಲಿಗುಲ ಭಾಗದಲ್ಲಂತೂ ಇಲ್ಲಿವರೆಗೆ ದೊರೆ ಬಗ್ಗೆ ಹೇಳಿದೆ, ಇನ್ಮೇಲೆ ರಾಕ್ಷಸನ ಬಗ್ಗೆ ಅಂತ ಅವ್ನೇ ಗೆರೆ ಎಳೆದ್ಬಿಡ್ತಾನೆ, ಯಾವ್ದು ಯಾವಾಗ ಆಯ್ತು ಅಂತ ಗೊತ್ತೇ ಆಗಲ್ಲ. ಹಾಗಂತ ತಳ್ಳಿಹಾಕೋ ಆಸಾಮಿಯಲ್ಲ, ದೊರೆ ಹೇಡ್ರಿಯನ್ ಹತ್ರ ಪತ್ರವ್ಯವಹಾರದ ಸೆಕ್ರೆಟರಿಯಾಗಿದ್ದೋನು, ಆಗಸ್ಟಸ್ ಬರೆದ ಪತ್ರಗಳನ್ನ ಹಂಗಂಗೇ ಎತ್ತಿ ಹಾಕ್ತಾನೆ. ಕೊನೆಕೊನೆಯ ದೊರೆಗಳ ಹೊತ್ತಿಗೆ ಇಂಥ ಪತ್ರಗಳು ಕಮ್ಮಿಯಾಗ್ತಾವೆ, 122ರ ಸುಮಾರಿಗೆ ಅವ್ನ ಕೆಲಸ ಹೋಗಿದ್ದೇ ಕಾರಣ, ಕಡತ ಸಿಗ್ಲಿಲ್ಲ ಅಂತ ಕೆಲವು ವಿದ್ವಾಂಸರ ಊಹೆ.

ಕ್ಲಾಡಿಯಸ್ ಸಲೀಸಾಯ್ತು, ಬಾರ್ಬರಾ ಲೆವಿಕ್, 1990. ಇಲ್ಲಿ ಗಾಸಿಪ್ ಟೆಸ್ಟ್ ಬಿಟ್ಟು ಇನ್ನೊಂದು ಟೆಸ್ಟ್ ಇಟ್ಟೆ, ಯಾಕಂದ್ರೆ ಈ ದೊರೆಯ ಒಂದು ಭಾಷಣದ ದೊಡ್ಡ ಭಾಗ ಕಂಚಿನ ಹಲಗೆ ಮೇಲೆ ಉಳ್ಕೊಂಡಿದೆ, 1528ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಸಿಕ್ಕಿದ್ದು. ಗಾಲ್ ಪ್ರಾಂತ್ಯದ ಗಣ್ಯರನ್ನ ಸೆನೆಟಿಗೆ ಸೇರಿಸ್ಕೋಬೇಕು ಅಂತ 48ರಲ್ಲಿ ಮಾಡಿದ ಭಾಷಣ. ಅದೇ ಭಾಷಣವನ್ನ ರೋಮನ್ ಇತಿಹಾಸಕಾರ ಟ್ಯಾಸಿಟಸ್ ತನ್ನ ಇತಿಹಾಸದಲ್ಲಿ ತನ್ನದೇ ಶೈಲಿಯಲ್ಲಿ, ನೀಟಾಗಿ, ಚಿಕ್ಕದಾಗಿ ಬರೆದಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಕಂಚಿನಲ್ಲಿರೋ ಕ್ಲಾಡಿಯಸ್ ಹಳೇ ಎಟ್ರಸ್ಕನ್ ರಾಜರ ವಂಶಾವಳಿ ಅಂತ ಎಲ್ಲೆಲ್ಲೋ ಅಲೆದಾಡ್ತಾನೆ, ಆಮೇಲೆ ಮಧ್ಯದಲ್ಲಿ ಟೈಬೀರಿಯಸ್ ಸೀಸರ್ ಜರ್ಮಾನಿಕಸ್, ನಿನ್ನ ಮಾತು ಎಲ್ಲಿಗೆ ಹೋಗ್ತಿದೆ ಅಂತ ಸಭೆಗೆ ಹೇಳೋ ಹೊತ್ತಾಯ್ತು ಅಂತ ಒಂದು ಸಾಲು ಬರುತ್ತೆ. ಅದು ಕ್ಲಾಡಿಯಸ್‌ನದೇ ಹೆಸರು! ತನಗೆ ತಾನೇ ಹೇಳ್ಕೊಂಡಿದ್ದೋ, ಸಭೆಯಲ್ಲಿ ಯಾರೋ ಕೂಗಿದ್ದು ದಾಖಲಾಗಿದ್ದೋ ಅಂತ ವಾದ ಇದೆ. ಟ್ಯಾಸಿಟಸ್‌ನಲ್ಲಿ ಈ ಸಾಲೇ ಇಲ್ಲ. ಕ್ಲಾಡಿಯಸ್ ಬಗ್ಗೆ ಬರೆಯೋರು ಈ ಹಲಗೆನ ಸರಿಯಾಗಿ ಬಳಸ್ಕೊಂಡಿಲ್ಲ ಅಂದ್ರೆ ಅಂಥ ಪುಸ್ತಕ ಯಾಕೆ ಬೇಕು ಹೇಳಿ, ಲೆವಿಕ್ ಬಳಸ್ಕೊಂಡಿದ್ದಾರೆ. ಇವ್ನ ಬಗ್ಗೆ ಕೇಳಿದ್ರೆ ಜನ ಥಟ್ಟಂತ ರಾಬರ್ಟ್ ಗ್ರೇವ್ಸ್ ಕಾದಂಬರಿ ಹೇಳ್ತಾರೆ, ನಂಗೂ ಅದು ಪ್ರಾಣ, ಆದ್ರೆ ಕಾದಂಬರಿಗೆ ಬೇರೆ ಶೆಲ್ಫ್.

ನೀರೋ. ನಮ್ಮ ಪೇಪರ್‌ಗಳಲ್ಲಿ ಯಾವ ಮುಖ್ಯಮಂತ್ರಿ ಆದ್ರೂ ಸರಿ, ಎಲ್ಲಾದ್ರೂ ಪ್ರವಾಹ ಬಂದಾಗ ಫಂಕ್ಷನ್‌ಗೆ ಹೋದ್ರೆ ಸಾಕು, ರೋಮ್ ಹೊತ್ತಿ ಉರೀತಿದ್ದಾಗ ನೀರೋ ಪಿಟೀಲು ಬಾರಿಸ್ತಿದ್ದ ಅಂತ ವಿರೋಧ ಪಕ್ಷದೋರ ಹೇಳಿಕೆ ರೆಡಿ ಇರುತ್ತೆ. 64ರಲ್ಲಿ ಪಿಟೀಲೇ ಇರ್ಲಿಲ್ಲ, ಅದು ಎಲ್ರಿಗೂ ಗೊತ್ತಾಗಿದೆ ಬಿಡಿ. ಬೆಂಕಿ ಬಿದ್ದಾಗ ಅವ್ನು ಆಂಟಿಯಮ್ ಅನ್ನೋ ಬೇರೆ ಊರಲ್ಲಿದ್ದ, ವಾಪಸ್ ಬಂದು ನಿರಾಶ್ರಿತರಿಗೆ ತನ್ನ ತೋಟಗಳನ್ನೇ ಬಿಟ್ಕೊಟ್ಟ, ಧಾನ್ಯದ ಬೆಲೆ ಇಳಿಸ್ದ ಅಂತ ಟ್ಯಾಸಿಟಸ್ ಬರೀತಾನೆ, ಟ್ರಾಯ್ ಪತನದ ಹಾಡು ಹಾಡ್ದ ಅನ್ನೋದನ್ನ ಗಾಳಿಸುದ್ದಿ ಅಂತಲೇ ಹೇಳ್ತಾನೆ. ಸ್ವೆಟೋನಿಯಸ್ ಅದನ್ನ ನಡೆದಿದ್ದೇ ಅಂತ ಬರೆದು, ಗೋಪುರದ ಮೇಲೆ ನಿಲ್ಲಿಸ್ತಾನೆ. ಇಲ್ಲಿವರೆಗೆ ಸರಿ. ಆದ್ರೆ ಎಡ್ವರ್ಡ್ ಚಾಂಪ್ಲಿನ್ 2003ರ ಪುಸ್ತಕದಲ್ಲಿ ಮೂಲಗಳನ್ನೆಲ್ಲಾ ಇಷ್ಟೇ ಹುಷಾರಾಗಿ ಅಳೆದು ತೂಗಿ ಕೊನೆಗೆ ಬೆಂಕಿ ಹಚ್ಚಿಸಿದ್ದು ನೀರೋನೇ ಅನ್ನೋ ತೀರ್ಮಾನಕ್ಕೆ ಬರ್ತಾರೆ! ನಾನು ಒಪ್ಪಲ್ಲ. ಆದ್ರೂ ಯಾಕೆ ಒಪ್ಪಲ್ಲ ಅಂತ ಹೇಳೋಕೆ ಬೇಕಾದ ಸಾಮಾನೆಲ್ಲ ಅವರ ಪುಸ್ತಕದಲ್ಲೇ ಇದೆ, ನಂಗೆ ಬೇಕಿದ್ದಿದ್ದೂ ಇಂಥದ್ದೇ. ಮಿರಿಯಂ ಗ್ರಿಫಿನ್ ಪುಸ್ತಕ (1984) ಆಡಳಿತ, ದುಡ್ಡು, ಉತ್ತರಾಧಿಕಾರದ ಸಮಸ್ಯೆ ತಿಳ್ಕೊಳ್ಳೋಕೆ ಇನ್ನೂ ಗಟ್ಟಿ, ಆದ್ರೆ ಒಂದೇ ಅಂತ ರೂಲ್ ಇದ್ಯಲ್ಲ, ಚಾಂಪ್ಲಿನ್ ಉಳ್ಕೊಂಡ್ರು. ಸತ್ತ ನೀರೋ ವಾಪಸ್ ಬರ್ತಾನೆ ಅಂತ ಜನ ಕಾಯ್ತಿದ್ರು, ನಾನೇ ನೀರೋ ಅಂತ ಹೇಳ್ಕೊಂಡು ನಕಲಿಗಳು ಎದ್ರು ಅನ್ನೋದ್ರಿಂದಲೇ ಪುಸ್ತಕ ಶುರು ಮಾಡಿರೋದು ಅವರ ಜಾಣತನ, ಬರೀ ರಾಕ್ಷಸ ಆಗಿದ್ದಿದ್ರೆ ಜನ ಯಾಕೆ ಕಾಯ್ತಿದ್ರು?

ಟೈಬೀರಿಯಸ್‌ಗೂ ಲೆವಿಕ್ ಅವ್ರೇ (1976), ಓದ್ತಾ ಇದೀನಿ. ಅವ್ನು ಕೊನೆಗಾಲ ಕಳೆದ ಕಾಪ್ರಿ ದ್ವೀಪದ ಕೊಳಕು ಕತೆಗಳಿಗಾಗಿ ಹುಡುಕೋರಿಗೆ ಇಲ್ಲಿ ನಿರಾಸೆ ಗ್ಯಾರಂಟಿ, ಪೂರ್ತಿ ರಾಜಕೀಯ, ಕಾನೂನು, ಸೆನೆಟ್, ಒಂದೊಂದು ಪೇಜ್ ಎರಡೆರಡು ಸಲ ಓದ್ಬೇಕು. ಈ ಮನುಷ್ಯನ ಮೇಲೆ ನಂಗೆ ಸ್ವಲ್ಪ ಮೋಹ ಇರೋದಕ್ಕೆ ಇನ್ನೊಂದು ಕಾರಣ ಇದೆ. ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಆಗಸ್ಟಸ್ ಜೊತೆ ಇವ್ನೂ ಇದ್ದಾನೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ಹೆಂಗಸರ ರತ್ನಗಳಿಗೋಸ್ಕರ ನಮ್ಮ ದುಡ್ಡೆಲ್ಲ ಪರದೇಶಕ್ಕೆ ಹೋಗ್ತಿದೆ ಅಂತ 22ರಲ್ಲಿ ಸೆನೆಟಿಗೆ ಪತ್ರ ಬರೆದು ಗೊಣಗಿದ್ದೂ ಇದೇ ಟೈಬೀರಿಯಸ್, ಆ ಪತ್ರನ ಟ್ಯಾಸಿಟಸ್ ಕೊಟ್ಟಿದ್ದಾನೆ.

ಆಗಸ್ಟಸ್‌ಗೆ ಎರಡು ಪುಸ್ತಕದ ಮಧ್ಯೆ ಒದ್ದಾಡ್ತಿದೀನಿ. ಗೋಲ್ಡ್ಸ್‌ವರ್ದಿ 2014ರದು ಸರಾಗ, ಹುಟ್ಟಿನಿಂದ ಸಾವಿನವರೆಗೆ ಎಲ್ಲೂ ಎಡವದ ಹಾಗೆ ಕರ್ಕೊಂಡ್ ಹೋಗುತ್ತೆ, ಆದ್ರೆ ಸೀಸರ್ ಸ್ಲಾಟೂ ಅವ್ರಿಗೇ ಹೋಗಿದೆ. ಇನ್ನೊಂದು ರೊನಾಲ್ಡ್ ಸೈಮ್ 1939ರಲ್ಲಿ ಬರ್ದಿದ್ದು, ಇದು ನಿಜವಾಗಿ ಜೀವನಚರಿತ್ರೆನೇ ಅಲ್ಲ, ಒಂದು ಗುಂಪು ಹೆಂಗೆ ರಾಜ್ಯ ಕಬಳಿಸ್ತು ಅನ್ನೋ ಕತೆ, ಇಟಲಿಯಲ್ಲಿ ಮುಸೊಲಿನಿ ಆಗಸ್ಟಸ್ ಹೆಸರಲ್ಲಿ ದೊಡ್ಡ ಪ್ರದರ್ಶನ ನಡೆಸಿ ಮೆರೀತಿದ್ದ ಕಾಲಕ್ಕೇ ಬರ್ದಿದ್ದು, ಆ ಸಿಟ್ಟು ಸಾಲುಸಾಲಲ್ಲೂ ಕಾಣುತ್ತೆ. ಹೆಸರುಗಳ ಕಾಡು, ವಂಶವೃಕ್ಷ ಪಕ್ಕದಲ್ಲಿಟ್ಕೊಳ್ದೆ ಒಂದು ಅಧ್ಯಾಯ ದಾಟೋಕಾಗಲ್ಲ. ಸದ್ಯ ಎರಡೂ ಬದಿಗಿಟ್ಟು ಆಗಸ್ಟಸ್‌ ತಾನೇ ಬರೆಸಿದ ಸಾಧನೆಗಳ ಪಟ್ಟಿ ಓದಿದೆ, ಇದರ ಅತಿ ಪೂರ್ಣ ಪ್ರತಿ ಅಂಕಾರದ ಒಂದು ಗುಡಿ ಗೋಡೆ ಮೇಲಿದೆ. ಹತ್ತೊಂಬತ್ತನೇ ವಯಸ್ಸಿಗೆ ಸ್ವಂತ ದುಡ್ಡಲ್ಲಿ ಸೈನ್ಯ ಕಟ್ಟಿ ದೇಶನ ಬಿಡಿಸ್ದೆ ಅಂತ ಶುರು, ಅವ್ನ ದೊಡ್ಡ ಎದುರಾಳಿ ಆಂಟನಿ ಹೆಸರು ಹುಡುಕಿದ್ರೂ ಇಲ್ಲ. ಯಾರು ಎಷ್ಟೇ ಹೇಳಿದ್ರೂ ನಂಗೆ ಈ ಮನುಷ್ಯ ಇಷ್ಟ ಆಗಲ್ಲ, ಬಹುಶಃ ಸೈಮ್ ಗೆಲ್ತಾರೆ.

ಮುಂದಿಂದು ಸ್ವಲ್ಪ ಹೇಳಿ ನಿಲ್ಲಿಸ್ತೀನಿ. ಹೇಡ್ರಿಯನ್‌ಗೂ ಮಾರ್ಕಸ್‌ಗೂ ಆಂಥೊನಿ ಬರ್ಲಿ ಅಂತ ತೀರ್ಮಾನ ಆಗಿದೆ, ಮಾರ್ಕಸ್ ಪುಸ್ತಕದ 1987ರ ತಿದ್ದಿದ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಮಾರ್ಕಸ್ ಬಗ್ಗೆ ಈಗ ಬರ್ತಿರೋದ್ರಲ್ಲಿ ಮುಕ್ಕಾಲು ಪಾಲು ಮೋಟಿವೇಷನ್ ಭಾಷಣ, ಬರ್ಲಿ ಹಂಗಲ್ಲ, ಗುರು ಫ್ರಾಂಟೋ ಜೊತೆಗಿನ ಪತ್ರಗಳನ್ನ ಚೆನ್ನಾಗಿ ಬಳಸ್ತಾರೆ. ನೆಗಡಿ ಆಗಿ ಗಂಟಲಿಗೆ ಜೇನುನೀರು ಕುಡಿದೆ, ದ್ರಾಕ್ಷಿ ಕೊಯ್ಲಿಗೆ ಹೋಗಿದ್ವಿ, ಅಮ್ಮ ಹಾಸಿಗೆ ಮೇಲೆ ಕೂತಿದ್ಲು, ಹರಟೆ ಹೊಡೆದ್ವಿ ಅಂತ ಹುಡುಗ ಮಾರ್ಕಸ್ ಬರೆದ ಪತ್ರ ಒಂದಿದೆ, ಆ ಹುಡುಗನೇ ಮುಂದೆ ಡ್ಯಾನ್ಯೂಬ್ ದಡದಲ್ಲಿ ಕೂತು ಸಾವಿನ ಬಗ್ಗೆ ಬರ್ಕೊಂಡ ಅಂತ ನಂಬೋಕೆ ಟೈಮ್ ಬೇಕು. ಒಂದೇ ಎಚ್ಚರಿಕೆ, ಹೇಡ್ರಿಯನ್‌ನಿಂದ ಆಚೆಗೆ ಎಲ್ರೂ ಹಿಸ್ಟೋರಿಯಾ ಅಗಸ್ಟಾ ಅನ್ನೋ ಹಳೇ ಗ್ರಂಥದ ಮೇಲೆ ನಿಲ್ಲಬೇಕು, ಆರು ಲೇಖಕರು ಅಂತ ಅದು ಹೇಳ್ಕೊಳ್ಳುತ್ತೆ, ಒಬ್ನೇ ಬರೆದ ಆಟ ಅಂತ ಹರ್ಮನ್ ಡೆಸ್ಸಾವ್ 1889ರಲ್ಲೇ ವಾದ ಮಾಡಿದ್ರು, ಒಳಗಿರೋ ಪತ್ರ-ದಾಖಲೆಗಳಲ್ಲಿ ಹೆಚ್ಚಿನವು ಕಟ್ಟುಕತೆ. ಹೇಡ್ರಿಯನ್, ಮಾರ್ಕಸ್ ಭಾಗ ಪರವಾಗಿಲ್ಲ, ಮಾರ್ಕಸ್ ಆದ್ಮೇಲೆ ಬಂದ ದೊರೆ ಎಲಗಾಬಲಸ್ ಹೊತ್ತಿಗೆ ದೇವರೇ ಗತಿ, ಅತಿಥಿಗಳನ್ನ ಹೂವಲ್ಲಿ ಮುಚ್ಚಿ ಉಸಿರುಗಟ್ಟಿಸಿದ ಕತೆ ಬಂದಿದ್ದು ಅಲ್ಲಿಂದಲೇ. ಅದಕ್ಕೇ ಈ ಶೆಲ್ಫ್ ಮಾರ್ಕಸ್‌ಗೆ ನಿಲ್ಲೋದು.

ಮಧ್ಯದಲ್ಲಿ ಡೊಮಿಷಿಯನ್ ಒಬ್ಬ ಬಾಕಿ. ಬ್ರಯಾನ್ ಜೋನ್ಸ್ 1992ರದು ಬೇಕು, ಹೊಸದರ ರೇಟ್ ನೋಡಿ ಟ್ಯಾಬ್ ಕ್ಲೋಸ್ ಮಾಡಿದೀನಿ, ಯಾರ ಹತ್ರನಾದ್ರೂ ಪೇಪರ್‌ಬ್ಯಾಕ್ ಇದ್ರೆ, ಅಂಡರ್‌ಲೈನ್ ಮಾಡಿದ್ರೂ ಪರವಾಗಿಲ್ಲ, ಹೇಳಿ.