ಮೂರನೇ ರೀಲ್ ಕೊನೆಗೂ ದಾರಿಗೆ ಬಂತು

ನಾನು ಮನೆಯಲ್ಲೇ ಮಾಡುತ್ತಿರುವ ಸ್ಲಾಟ್ ಮಷಿನ್‌ನ (ನಾಣ್ಯ ಹಾಕಿ ಹಿಡಿ ಎಳೆದರೆ ಚಿತ್ರಗಳಿರುವ ಚಕ್ರಗಳು, ಅಂದರೆ ರೀಲ್‌ಗಳು, ತಿರುಗಿ ನಿಲ್ಲುವ ಜೂಜಿನ ಯಂತ್ರ) ಮೂರನೇ ರೀಲ್ ಎಲ್ಲಿ ನಿಲ್ಲುತ್ತದೆ ಅಂತ ಈಗ ನನಗೂ ಗೊತ್ತಾಗುತ್ತಿಲ್ಲ. ಸದ್ಯಕ್ಕೆ ಇದಕ್ಕಿಂತ ಒಳ್ಳೆ ಸುದ್ದಿ ಬೇರೆ ಇಲ್ಲ!

ಫ್ರೇಮ್, ಶಾಫ್ಟ್, ಬೇರಿಂಗ್ ಕತೆ ಬಿಡುತ್ತೇನೆ, ಅದೆಲ್ಲ ನಿಮಗೆ ಗೊತ್ತಿರುವ ಕೆಲಸವೇ. ಇದು ಕರೆಂಟ್ ಬೇಡದ ಸ್ಲಾಟ್ ಮಷಿನ್, ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ 1890ರ ದಶಕದಲ್ಲಿ ಮಾಡಿದ ಲಿಬರ್ಟಿ ಬೆಲ್ ಅನ್ನುವ ಮಷಿನ್‌ನ ವಂಶದ್ದು. ಮೂರು ರೀಲ್, ಪಕ್ಕದಲ್ಲಿ ಒಂದು ಹಿಡಿ. ರೀಲಿಗೆ 20 ಚಿತ್ರ, ಅಂದರೆ ಒಟ್ಟು 8000 ಜೋಡಣೆ. ಗಂಟೆಯ (ಬೆಲ್) ಚಿತ್ರ ರೀಲಿಗೆ ಒಂದೇ, ಹಾಗಾಗಿ ಮೂರು ಗಂಟೆ ಸಾಲಾಗಿ ಬರುವ ಸಾಧ್ಯತೆ 8000ಕ್ಕೆ ಒಂದು. ಹಾಕುವುದು 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆ ನಾಣ್ಯ. ಡಬ್ಬಿ ತುಂಬ ಇವೆ, ಜೂಜು ಅಂತ ಮನೆಯಲ್ಲಿ ಬೈಯೋ ಹಾಗೂ ಇಲ್ಲ.

ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ತಮ್ಮನ ಮಗಳು ಸ್ವಲ್ಪ ಹೊತ್ತು ಆಡಿ, "ದೊಡ್ಡಪ್ಪ, ಈಗ ಕೊನೇದು ನಿಂಬೆಹಣ್ಣು ನೋಡು" ಅಂದಳು. ನಿಂಬೆಹಣ್ಣೇ ಬಂತು. ಮುಂದಿನ ಸಲ ಪ್ಲಮ್ ಅಂದಳು. ಅದೂ ಬಂತು.

ಮೊದಲ ಅನುಮಾನ ತೂಕದ ಮೇಲೆ. ರೀಲನ್ನು ಶಾಫ್ಟ್ ಮೇಲೆ ಸುಮ್ನೆ ತಿರುಗಲು ಬಿಟ್ಟರೆ ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತಿತ್ತು. ಪ್ಲೈವುಡ್‌ನ ಗುಣವೇ ಅದು, ಒಂದು ಕಡೆ ಅಂಟು ಜಾಸ್ತಿ, ಇನ್ನೊಂದು ಕಡೆ ಟೊಳ್ಳು. ಟೈರ್ ಅಂಗಡಿಯವರು ಚಕ್ರಕ್ಕೆ ಸೀಸ ಅಂಟಿಸುವ ಹಾಗೆ ಎದುರು ಬದಿಗೆ ಸೋಲ್ಡರ್ ತುಂಡು ಅಂಟಿಸಿದೆ. ಈಗ ರೀಲ್ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಹುಡುಗಿ ಮಾತ್ರ ಇನ್ನೂ ಸರಿಯಾಗಿಯೇ ಹೇಳುತ್ತಿದ್ದಳು.

ಆಮೇಲೆ ಬಂದ ಚಿತ್ರಗಳನ್ನೆಲ್ಲ ಸಾಲಾಗಿ ಬರೆದು ನೋಡಿದೆ. ರೀಲ್ ಪ್ರತಿ ಸಲವೂ ಹಿಂದೆ ನಿಂತ ಜಾಗದಿಂದ ಹೆಚ್ಚುಕಮ್ಮಿ ಅಷ್ಟೇ ಮನೆ (ಒಂದು ಚಿತ್ರದ ಜಾಗ ಅಂದರೆ ಒಂದು ಮನೆ) ಮುಂದೆ ಹೋಗುತ್ತಿತ್ತು! ಯಾಕೆ ಅಂತ ನಿಮಗೂ ಹೊಳೆದಿರಬೇಕು. ಹಿಡಿ ಎಳೆದಾಗ ಒದೆಯುವ ತೋಳು ಮೂರೂ ರೀಲಿಗೆ ಒಂದೇ ಬಲದಲ್ಲಿ ಒದೆಯುತ್ತದೆ. ಆಮೇಲೆ ಗಾಳಿರೆಕ್ಕೆಯ ಗಡಿಯಾರ (ರೆಕ್ಕೆ ಗಾಳಿಗೆ ತಡೆಯೊಡ್ಡಿ ವೇಗ ಹಿಡಿತದಲ್ಲಿಡುವ, ಸಮಯ ಅಳೆಯುವ ಭಾಗ) ಎಡದಿಂದ ಬಲಕ್ಕೆ ಒಂದೊಂದೇ ತಡೆಕಡ್ಡಿಯನ್ನು ಹಲ್ಲಿನ ಚಕ್ರಕ್ಕೆ ಬೀಳಿಸುತ್ತದೆ. ಒದೆತವೂ ಅದೇ, ಸಮಯವೂ ಅದೇ. ಹಾಗಾದರೆ ಅದೃಷ್ಟ ಎಲ್ಲಿಂದ ಬರಬೇಕು?

1940ರ ದಶಕದಲ್ಲಿ ಅಮೆರಿಕದ ಆಟಗಾರರು ಇದನ್ನೇ ಕಂಡುಕೊಂಡು, ಲಯ ಹಿಡಿದು ಹಿಡಿ ಎಳೆದು ಮಷಿನ್‌ಗಳನ್ನು ಖಾಲಿ ಮಾಡಿದ್ದರು. ಕೊನೆಗೆ ತಯಾರಕರು ಗಡಿಯಾರದ ಭಾಗವನ್ನೇ ಬದಲಾಯಿಸಬೇಕಾಯಿತು. ನಮ್ಮ ಹುಡುಗಿ ಯಾವ ಕಾಲದವಳೋ.

ಲೆಕ್ಕ ಹಾಕಿ ನೋಡಿ. ನಿಲ್ಲುವ ಮೊದಲು ರೀಲ್ ಎರಡು ಸುತ್ತು ಹೊಡೆದರೆ 40 ಮನೆ. ವೇಗ ಶೇ. 2ರಷ್ಟು ಏರುಪೇರಾದರೂ ಒಂದು ಮನೆಯ ವ್ಯತ್ಯಾಸವೂ ಆಗುವುದಿಲ್ಲ. ಹತ್ತು ಸುತ್ತು ಹೊಡೆದು, ಏರುಪೇರು ಶೇ. 5 ಆದರೆ 10 ಮನೆ, ಅಂದರೆ ಅರ್ಧ ರೀಲ್. ಸುತ್ತು ಜಾಸ್ತಿ ಆಗಬೇಕು, ಕೆಲಸ ಸ್ವಲ್ಪ ಒರಟಾಗಿಯೇ ಇರಬೇಕು. ನುಣುಪಾಗಿ ಮಾಡಲು ಅಷ್ಟು ಒದ್ದಾಡಿದ್ದೆ ಮಾರಾಯರೇ!

ಇಲ್ಲಿ ಅಂಗಡಿಯವರ ವಿಷಯ ಹೇಳಲೇಬೇಕು. ಒದೆಯುವ ತೋಳಿಗೆ ನಾನು ಕೇಳಿದ್ದು 0.8 ಮಿ.ಮೀ ತಂತಿಯ ಸ್ಪ್ರಿಂಗ್, ಅವರು ಕೊಟ್ಟಿದ್ದ ಕಟ್ಟಿನಲ್ಲಿ ಅರ್ಧ 1 ಮಿ.ಮೀ. "ಎಲ್ಲಾ ಒಂದೇ ಸರ್, ಅಡ್ಜಸ್ಟ್ ಮಾಡ್ಕೊಳ್ಳಿ." ಒಂದೇ ಅಲ್ಲ ಸ್ವಾಮಿ. ಸ್ಪ್ರಿಂಗ್ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಇದು ಸುಮಾರು 2.4 ಪಟ್ಟು ಬಿಗಿ. ಬೈದು ಮೂಲೆಗೆ ಎಸೆದಿದ್ದೆ. ಈಗ ಬೇಕಾಗಿದ್ದು ಅದೇ! ಥ್ಯಾಂಕ್ಸ್ ಹೇಳಲು ಮಾತ್ರ ಹೋಗಿಲ್ಲ.

ಗಟ್ಟಿ ಸ್ಪ್ರಿಂಗ್ ಹಾಕಿ, ಗಡಿಯಾರದ ರೆಕ್ಕೆ ದೊಡ್ಡದು ಮಾಡಿದೆ. ಗಡಿಯಾರ ನಿಧಾನವಾಯಿತು, ಸುತ್ತು ಜಾಸ್ತಿಯಾಯಿತು. ರೆಕ್ಕೆಯನ್ನು ಶಾಫ್ಟಿಗೆ ಬಿಗಿಯಾಗಿ ಕೂರಿಸದೆ ಸ್ವಲ್ಪ ಜಾರುವ ಹಾಗೆ ಬಿಟ್ಟೆ. ಹೊಸ ತಲೆನೋವು ಶುರುವಾಗಿದ್ದು ಆಗ. ಈ ವೇಗಕ್ಕೆ ತಡೆಕಡ್ಡಿ ಹಲ್ಲಿನ ಮೇಲೆ ಪುಟಿದು, ಎರಡು ಚಿತ್ರಗಳ ನಡುವೆಯೇ ನಿಲ್ಲತೊಡಗಿತು. ಹಲ್ಲಿನ ತುದಿಯನ್ನು ಅರದಿಂದ ಚೂಪು ಮಾಡಿ, ಕಡ್ಡಿಯ ಕೊನೆಗೆ ಪುಟ್ಟ ಬೇರಿಂಗ್ ಹಾಕಿದ ಮೇಲೆ ಜಾರಿ ಹಲ್ಲುಗಳ ನಡುವಿನ ಗುಂಡಿಗೇ ಬೀಳುತ್ತಿದೆ. ಒಂದೆರಡು ಹಲ್ಲು ಪುಟಿದರೆ ಪುಟಿಯಲಿ, ಏರುಪೇರಿಗೆ ಅದೂ ಸೇರುತ್ತದೆ.

ಮುಂದಿನದು ಸ್ಟೆಪ್ಪರ್ ಮೋಟರ್ (ಒಂದೊಂದೇ ಹೆಜ್ಜೆಯಾಗಿ ತಿರುಗುವ ಮೋಟರ್) ಮಷಿನ್. ಸ್ಲಾಟ್ ಮಷಿನ್‌ಗೆ ಇಂಗೆ ಟೆಲ್ನೆಸ್ ಅನ್ನುವವರು ಪಡೆದ 1984ರ ಪೇಟೆಂಟ್ ಇದೆ, ಅದರ ದಾರಿ. ಎಲ್ಲಿ ನಿಲ್ಲಬೇಕು ಅಂತ ಮೊದಲೇ ರ‍್ಯಾಂಡಮ್ ಸಂಖ್ಯೆ ತೀರ್ಮಾನಿಸುತ್ತದೆ, ರೀಲ್ ಬರೀ ತೋರಿಸುತ್ತದೆ. ಕಣ್ಣಿಗೆ ಕಾಣುವುದು 22 ಮನೆ, ಒಳಗೆ 64 ಸಂಖ್ಯೆ. ಗಂಟೆಗೆ ಒಂದೇ ಸಂಖ್ಯೆ ಕೊಟ್ಟು, ಅದರ ಪಕ್ಕದ ಖಾಲಿ ಮನೆಗೆ ಹಲವು ಕೊಟ್ಟರೆ "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಅನ್ನಿಸುತ್ತಲೇ ಇರುತ್ತದೆ. ನನಗೆ ಇದು ಕಳ್ಳಾಟ ಅನ್ನಿಸುತ್ತದೆ, ಅದಕ್ಕೇ ಮಾಡಿ ನೋಡಬೇಕು. ಮೋಟರ್ ಒಂದು ಸುತ್ತಿಗೆ ಇಡುವ 200 ಸ್ಟೆಪ್ಪನ್ನು 22ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಆ ಜಗಳ ಆಮೇಲೆ.

ಸದ್ಯಕ್ಕೆ ಬಾಕಿ ಇರುವುದು ಗೆದ್ದ ನಾಣ್ಯ ಉದುರಿಸುವ ಭಾಗ. ಅದಕ್ಕೆ ಒಳಗಿನ ಅಳತೆ 20 ಮಿ.ಮೀ ಇರುವ ಹಿತ್ತಾಳೆ ಪೈಪ್ ಒಂದು ಗೇಣು ಸಾಕು. ಅಂಗಡಿಯವರು ಪೂರ್ತಿ ಉದ್ದ ತಗೊಂಡರೆ ಮಾತ್ರ ಕೊಡ್ತೀವಿ ಅಂತಾರೆ. ಯಾರ ಹತ್ತಿರವಾದರೂ ತುಂಡು ಬಿದ್ದಿದ್ದರೆ ಹೇಳಿ, ಬದಲಿಗೆ 0.8ರ ಸ್ಪ್ರಿಂಗ್ ಕೊಡುತ್ತೇನೆ.