ರಕ್ತ ಬರದ ವಸಡು

ಇಂಗ್ಲೆಂಡಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಮೊದಲು ಒಂದು ಫಾರ್ಮ್ ತುಂಬಬೇಕು. ಸಿಗರೇಟು ಸೇದ್ತೀರಾ, ದಿನಕ್ಕೆ ಎಷ್ಟು, ಬಿಟ್ಟಿದ್ದರೆ ಯಾವಾಗ? ಎಷ್ಟೋ ಕಡೆ ಅದರ ಕೆಳಗೇ ಇನ್ನೊಂದು ಸಾಲು ಇರುತ್ತದೆ: ಪಾನ್, ಗುಟ್ಕಾ, ಸುಪಾರಿ ಅಗಿಯುತ್ತೀರಾ? ನಮ್ಮ ಅಡಿಕೆ ಬ್ರಿಸ್ಟಲ್‌ವರೆಗೂ ಬಂದಿದೆಯಲ್ಲ ಅಂತ ನಗು ಬಂತು. ಆದರೆ ಅದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮಲೆನಾಡಿನವರು ಬೇಜಾರು ಮಾಡ್ಕೋಬೇಡಿ!

ಇಲ್ಲಿ ಸರ್ಕಾರಿ ದರದಲ್ಲಿ ನೋಡುವ ಡೆಂಟಿಸ್ಟ್ ಸಿಗುವುದೇ ಕಷ್ಟ. 2024ರ ಫೆಬ್ರವರಿಯಲ್ಲಿ ಇದೇ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಒಂದು ಕ್ಲಿನಿಕ್ ಬಾಗಿಲು ತೆರೆದಾಗ ನೂರಾರು ಜನ ಕ್ಯೂ ನಿಂತು, ಪೊಲೀಸರೇ ಬರಬೇಕಾಯಿತು. 2025ರ ಏಪ್ರಿಲ್‌ನ ದರದಂತೆ ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್ ಅಥವಾ ರೂಟ್ ಕೆನಾಲ್‌ಗೆ 75.30. ಖಾಸಗಿಯಲ್ಲಿ ಇದರ ಎಷ್ಟೋ ಪಟ್ಟು. ಅದಕ್ಕೇ ನಮ್ಮವರು ಊರಿಗೆ ಹೋದಾಗ ಮದುವೆ, ದೇವಸ್ಥಾನಗಳ ನಡುವೆ ಹಲ್ಲಿನ ಕೆಲಸವನ್ನೂ ಮುಗಿಸಿಕೊಂಡು ಬರುತ್ತಾರೆ.

ನನ್ನ ಜೊತೆ ಕೆಲಸ ಮಾಡುವ ದಾವಣಗೆರೆಯ ಗೆಳೆಯನಿಗೂ ಅದೇ ಲೆಕ್ಕ ಇತ್ತು. ಊರಲ್ಲಿ ಟೀ ಜೊತೆ ಒಂದೊಂದೇ ಸಿಗರೇಟು ಕೊಳ್ಳುತ್ತಿದ್ದವನು. ಇಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ, 20ರ ಪ್ಯಾಕೇ ಕೊಳ್ಳಬೇಕು. ಅಂಗಡಿಯಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ, ಮುಚ್ಚಿದ ಕಪಾಟಿನೊಳಗೆ ಇರುತ್ತದೆ. ಬೆಲೆ 15 ಪೌಂಡ್‌ಗೂ ಜಾಸ್ತಿ. ಆದರೂ ಸೇದುತ್ತಿದ್ದ. ‘ನನ್ನ ಹಲ್ಲು ಗಟ್ಟಿ ಇದೆ ಮಾರಾಯ, ಬ್ರಷ್ ಮಾಡಿದ್ರೆ ಒಂದು ತೊಟ್ಟು ರಕ್ತ ಬರಲ್ಲ’ ಅನ್ನುತ್ತಿದ್ದ.

ಕೊನೆಗೆ ದವಡೆ ಹಲ್ಲೊಂದು ಅಲ್ಲಾಡತೊಡಗಿತು. ಡಾಕ್ಟರು ಸಣ್ಣ ಕಡ್ಡಿಯಂಥ ಸಲಕರಣೆಯಿಂದ ವಸಡಿಗೂ ಹಲ್ಲಿಗೂ ನಡುವಿನ ಸಂದಿಯ ಆಳ ಅಳೆಯುತ್ತಾ ಹೋದರು. ಒಂದೊಂದು ಸಂಖ್ಯೆ ಹೇಳಿದಾಗಲೂ ನರ್ಸ್ ಬರೆದುಕೊಂಡರು. 3 ಮಿಲಿಮೀಟರ್‌ವರೆಗೆ ಪರವಾಗಿಲ್ಲ. ಇವನದು ಹಿಂದಿನ ಹಲ್ಲುಗಳಲ್ಲಿ 6, 7. ರಕ್ತ ಬರದೇ ಇದ್ದದ್ದು ವಸಡು ಚೆನ್ನಾಗಿದೆ ಅಂತಲ್ಲವಂತೆ. ಸಿಗರೇಟಿನಲ್ಲಿರುವ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ಸೇದುವವರ ವಸಡು ಅಷ್ಟಾಗಿ ಕೆಂಪಾಗುವುದಿಲ್ಲ, ರಕ್ತವೂ ಕಡಿಮೆ. ಒಳಗೊಳಗೇ ಮೂಳೆ ಸವೆಯುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ. ಸಿಗರೇಟು ಬಿಟ್ಟ ಮೇಲೆ ಕೆಲವರಿಗೆ ಸ್ವಲ್ಪ ದಿನ ರಕ್ತ ಜಾಸ್ತಿಯೇ ಬರುತ್ತದೆ. ಅದಕ್ಕೆ ಹೆದರಿ ಮತ್ತೆ ಶುರು ಮಾಡಬೇಡ ಅಂತ ಡಾಕ್ಟರು ಮೊದಲೇ ಹೇಳಿ ಕಳಿಸಿದರು. ನಾಲಿಗೆಯ ಅಡಿ, ಕೆನ್ನೆಯ ಒಳಭಾಗ, ಕುತ್ತಿಗೆ ಎಲ್ಲಾ ಮುಟ್ಟಿ ನೋಡಿದರು. ಬಾಯಿ ಕ್ಯಾನ್ಸರಿನ ಸುಳಿವು ಇದೆಯಾ ಅಂತ ನೋಡುವುದೂ ತಪಾಸಣೆಯ ಭಾಗವೇ.

ಆ ಹಲ್ಲು ಉಳಿಯಲಿಲ್ಲ. ಕಿತ್ತ ಮೇಲೂ ಸೇದಿದರೆ ಗಾಯ ಬೇಗ ಮಾಯುವುದಿಲ್ಲ, ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ವಿಪರೀತ ನೋವಾಗಬಹುದು. ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಬೆಂಗಳೂರಲ್ಲೇ ಹಾಕಿಸೋಣ, ಅಲ್ಲಿ ಇಷ್ಟೆಲ್ಲಾ ಪುರಾಣ ಇರಲ್ಲ ಅಂದುಕೊಂಡು ಅಲ್ಲಿನ ಡಾಕ್ಟರಿಗೆ ಎಕ್ಸ್-ರೇ ಕಳಿಸಿದ. ಸೇದುವವರಲ್ಲಿ ಇಂಪ್ಲಾಂಟ್ ಮೂಳೆಗೆ ಕೂರದೇ ಹೋಗುವ ಸಾಧ್ಯತೆ ಜಾಸ್ತಿ, ಮೊದಲು ಬಿಟ್ಟು ಬನ್ನಿ ಅಂದರಂತೆ ಅವರೂ. ಸದ್ಯ ಸಿಗರೇಟು ಬಿಡಲು ತೋಳಿಗೆ ನಿಕೋಟಿನ್ ಪ್ಯಾಚ್ ಅಂಟಿಸಿಕೊಂಡು, ಟೀ ಹೊತ್ತಿಗೆ ಎಲ್ಲರ ಮೇಲೂ ರೇಗುತ್ತಾ ಓಡಾಡುತ್ತಿದ್ದಾನೆ.