ಸೇನೆಯ ವಕೀಲರು ನಿಜಕ್ಕೂ ಹಾಗೆಯೇ ಇರುತ್ತಾರೆಯೇ?

ಕಾನೂನು ಕಾಲೇಜಿನಲ್ಲಿ ಸೇನಾ ಕಾನೂನಿನ ಪಾಠ ಶುರುವಾಗಿ ವಾರ ಕಳೆಯುವುದರೊಳಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ‘ಜ್ಯಾಗ್’ ಧಾರಾವಾಹಿಯಲ್ಲಿ ತೋರಿಸಿದ ಹಾಗೆ ಸೇನೆಯ ವಕೀಲರು ನಿಜಕ್ಕೂ ಇರುತ್ತಾರೆಯೇ?" ಮದುವೆ ಮನೆಯಲ್ಲಿ ನೆಂಟರೂ ಇದನ್ನೇ ಕೇಳಿದ್ದಾರೆ. ನಿಂತಲ್ಲೇ ಹೇಳಿ ಮುಗಿಸುವ ಉತ್ತರವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

‘ಜ್ಯಾಗ್’ ಎಂದರೆ ಜಜ್ ಅಡ್ವೊಕೇಟ್ ಜನರಲ್, ಸೇನೆಯ ಕಾನೂನು ವಿಭಾಗ. ಡೊನಾಲ್ಡ್ ಬೆಲಿಸಾರಿಯೊ ರೂಪಿಸಿದ ಈ ಅಮೆರಿಕನ್ ಧಾರಾವಾಹಿ 1995ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಒಂದೇ ವರ್ಷಕ್ಕೆ ಎನ್‌ಬಿಸಿ ಅದನ್ನು ಕೈಬಿಟ್ಟಿತು. ಸಿಬಿಎಸ್ ಎತ್ತಿಕೊಂಡು 2005ರವರೆಗೆ ನಡೆಸಿತು. ಮೊದಲ ಕಂತಿನ ಕಥೆ ಒಂದು ವಿಮಾನವಾಹಕ ನೌಕೆಯಲ್ಲಿ ನಡೆಯುತ್ತದೆ. ಯುದ್ಧವಿಮಾನದಲ್ಲಿ ಹಾರುವ ಮಹಿಳಾ ಅಧಿಕಾರಿಯೊಬ್ಬಳನ್ನು ಯಾರೋ ಸಮುದ್ರಕ್ಕೆ ನೂಕಿರುತ್ತಾರೆ. ಅದರ ತನಿಖೆಗೆ ಇಳಿಯುವವನು ಹಾರ್ಮನ್ ರಾಬ್. ಹಿಂದೆ ಎಫ್-14 ಯುದ್ಧವಿಮಾನದ ಪೈಲಟ್ ಆಗಿದ್ದ ಅವನು ಇರುಳುಗಣ್ಣಿನಿಂದಾಗಿ ಕಾನೂನು ಓದಿ ನೌಕಾಪಡೆಯ ವಕೀಲನಾದವನು.

ವಕೀಲರ ಕೆಲಸವನ್ನು ಧಾರಾವಾಹಿ ತೋರಿಸುವ ಬಗೆ ಬಹುಪಾಲು ಕಲ್ಪನೆ. ಇಂಥ ಸಾವಿನ ತನಿಖೆ ಮಾಡಬೇಕಾದದ್ದು ನೌಕಾಪಡೆಯ ಅಪರಾಧ ತನಿಖಾ ಸಂಸ್ಥೆಯಾದ ಎನ್‌ಸಿಐಎಸ್. ಮುಂದೆ 2003ರಲ್ಲಿ ಇದೇ ಧಾರಾವಾಹಿಯಿಂದ ಆ ಸಂಸ್ಥೆಯ ಹೆಸರಿನದೇ ಇನ್ನೊಂದು ಧಾರಾವಾಹಿ ಹುಟ್ಟಿತು. ರಾಬ್ ಒಂದು ಕಂತಿನಲ್ಲಿ ಆರೋಪ ಹೊರಿಸುತ್ತಾನೆ, ಮತ್ತೊಂದರಲ್ಲಿ ಆರೋಪಿಯ ಪರ ನಿಲ್ಲುತ್ತಾನೆ, ನಡುವೆ ವಿಮಾನವನ್ನೂ ಏರುತ್ತಾನೆ. ನಿಜವಾದ ಸೇನಾ ವಕೀಲರ ದಿನದ ಬಹುಭಾಗ ಕಡತ, ಸಲಹೆ, ಅಭಿಪ್ರಾಯಪತ್ರಗಳಲ್ಲಿ ಕಳೆಯುತ್ತದೆ.

ಆದರೂ ಆ ಕಂತನ್ನು ನಾನು ಗೌರವದಿಂದ ನೋಡುತ್ತೇನೆ. ನೌಕೆಯೆಂದರೆ ಊರಾಚೆಯ ಊರು. ಶಂಕಿತನೂ ಸಾಕ್ಷಿಗಳೂ ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಎಲ್ಲರ ರಜೆ, ಬಡ್ತಿ ಮೇಲಧಿಕಾರಿಯ ಕೈಯಲ್ಲಿ. ಅಂಥ ಕಡೆ ಸತ್ತ ಹೆಣ್ಣಿನ ಪರವಾಗಿ ಬಾಯಿ ಬಿಡುವವರು ಯಾರು? 1995ರ ಅಮೆರಿಕನ್ ವೀಕ್ಷಕರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಯುದ್ಧನೌಕೆಗಳಲ್ಲಿ ಮಹಿಳೆಯರಿಗಿದ್ದ ಕಾನೂನಿನ ತಡೆ ತೆರವಾದದ್ದು 1993ರಲ್ಲಿ. ಮರುವರ್ಷದ ಅಕ್ಟೋಬರ್‌ನಲ್ಲಿ ಎಫ್-14 ಪೈಲಟ್ ಕಾರಾ ಹಲ್ಟ್‌ಗ್ರೀನ್ ನೌಕೆಯ ಮೇಲೆ ಇಳಿಯಲು ಬರುತ್ತಿದ್ದಾಗ ಅಪಘಾತದಲ್ಲಿ ಮಡಿದರು. ಹೆಣ್ಣೆಂಬ ಕಾರಣಕ್ಕೆ ಅವರಿಗೆ ರಿಯಾಯಿತಿ ತೋರಿಸಿದ್ದರು ಎಂಬ ಪಿಸುಮಾತು ಸಾವಿನ ನಂತರವೂ ಬಿಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೂ ಮೊದಲು, 1991ರ ಸೆಪ್ಟೆಂಬರ್‌ನಲ್ಲಿ, ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ನೌಕಾ ವೈಮಾನಿಕರ ಟೇಲ್‌ಹುಕ್ ಸಮಾವೇಶ ನಡೆದಿತ್ತು. ಅಲ್ಲಿ ದೌರ್ಜನ್ಯಕ್ಕೆ ಒಳಗಾದವರು 83 ಮಹಿಳೆಯರು, 7 ಪುರುಷರು ಎಂದು ತನಿಖೆ ಹೇಳಿತು. ನೂರಕ್ಕೂ ಹೆಚ್ಚು ಅಧಿಕಾರಿಗಳ ಹೆಸರು ಕೇಳಿಬಂದರೂ ಸೇನೆಯದೇ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಕೊನೆಗೆ ಉಳಿದ ಮೂರು ಪ್ರಕರಣಗಳನ್ನು 1994ರ ಫೆಬ್ರವರಿಯಲ್ಲಿ ನೌಕಾಪಡೆಯ ನ್ಯಾಯಾಧೀಶ ವಿಲಿಯಂ ವೆಸ್ಟ್ ವಜಾ ಮಾಡಿದರು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಫ್ರಾಂಕ್ ಕೆಲ್ಸೊ ಸಮಾವೇಶದಲ್ಲಿ ನಡೆದದ್ದನ್ನು ಸ್ವತಃ ಕಂಡಿದ್ದರು, ತಮ್ಮ ಹೆಸರು ಹೊರಬರದಂತೆ ಪ್ರಕ್ರಿಯೆಯ ಮೇಲೆ ಪ್ರಭಾವ ಬೀರಿದರು ಎಂಬುದು ವೆಸ್ಟ್ ಅವರ ತೀರ್ಪು. ಕೆಲ್ಸೊ ಅದನ್ನು ನಿರಾಕರಿಸಿದರು.

ಸೇನಾ ನ್ಯಾಯದ ತೊಡಕಿನ ಗಂಟು ಇಲ್ಲೇ ಇದೆ. ಅಮೆರಿಕದ ಸೇನಾ ನ್ಯಾಯ ಸಂಹಿತೆಯ ಪ್ರಕಾರ ಯಾರ ಮೇಲೆ ಮೊಕದ್ದಮೆ ಹೂಡಬೇಕು ಎಂದು ನಿರ್ಧರಿಸುತ್ತಿದ್ದವರು ವಕೀಲರಲ್ಲ, ದಂಡನಾಯಕರು. ತೀರ್ಪು ಹೇಳುವ ಸದಸ್ಯರನ್ನು ಆರಿಸುತ್ತಿದ್ದವರೂ ಅವರೇ. ಶಿಸ್ತು ಕಾಯಬೇಕಾದವನ ಕೈಯಲ್ಲಿ ಈ ಅಧಿಕಾರ ಇರಲೇಬೇಕು ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಯುದ್ಧಭೂಮಿಯಲ್ಲಿ ಅದಕ್ಕೆ ಅರ್ಥವಿದೆ. ಕೊಲೆ, ಅತ್ಯಾಚಾರದ ವಿಷಯದಲ್ಲಿ ಮಾತ್ರ ಆ ವಾದವನ್ನು ನಾನು ಎಂದೂ ಒಪ್ಪಿಲ್ಲ. ಅಮೆರಿಕವೂ ಕೊನೆಗೆ ಒಪ್ಪಲಿಲ್ಲ. 2023ರ ಡಿಸೆಂಬರ್ 28ರಿಂದ ಇಂಥ ಘೋರ ಅಪರಾಧಗಳಲ್ಲಿ ಮೊಕದ್ದಮೆಯ ನಿರ್ಧಾರ ದಂಡನಾಯಕರ ಅಧೀನದಲ್ಲಿಲ್ಲದ ವಿಶೇಷ ಸೇನಾ ವಕೀಲರದ್ದಾಯಿತು. ಆ ಮೊದಲ ಕಂತು ಪ್ರಸಾರವಾಗಿ ಅಷ್ಟು ಹೊತ್ತಿಗೆ 28 ವರ್ಷ ಕಳೆದಿತ್ತು.

"ನಮ್ಮಲ್ಲಿ ಹೇಗೆ?" ಎಂಬುದು ವಿದ್ಯಾರ್ಥಿಗಳ ಮುಂದಿನ ಪ್ರಶ್ನೆ. ನಮ್ಮ ಸೇನೆಯಲ್ಲೂ ಜಜ್ ಅಡ್ವೊಕೇಟ್ ಜನರಲ್ ವಿಭಾಗವಿದೆ. 1950ರ ಸೇನಾ ಕಾಯ್ದೆಯ 129ನೇ ಕಲಮಿನಂತೆ ಪ್ರತಿಯೊಂದು ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಒಬ್ಬ ಜಜ್ ಅಡ್ವೊಕೇಟ್ ಹಾಜರಿರಬೇಕು. ಅವರು ಕಾನೂನು ತಿಳಿಸುತ್ತಾರೆ. ತೀರ್ಪಿನಲ್ಲಿ ಅವರಿಗೆ ಮತವಿಲ್ಲ. ತೀರ್ಪು ಕೊಡುವವರು ಕನಿಷ್ಠ ಐವರು ಅಧಿಕಾರಿಗಳು. ಆ ತೀರ್ಪು ಕೂಡ ಮೇಲಧಿಕಾರಿ ದೃಢೀಕರಿಸುವವರೆಗೆ ಊರ್ಜಿತವಲ್ಲ ಎನ್ನುತ್ತದೆ 153ನೇ ಕಲಂ. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂದಿದೆ, ಶಿಕ್ಷೆಯಾದವರು ಅಲ್ಲಿ ಮೇಲ್ಮನವಿ ಸಲ್ಲಿಸಬಹುದು. ಮೊಕದ್ದಮೆ ಹೂಡಬೇಕೇ ಬೇಡವೇ ಎಂಬ ಮೊದಲ ಹೆಜ್ಜೆ ಮಾತ್ರ ಇಂದಿಗೂ ದಂಡನಾಯಕರದ್ದೇ.

ಈ 153ನೇ ಕಲಂ ಪಾಠದ ದಿನ ನಾನು ಪುಸ್ತಕ ತೆರೆಯುವ ಮೊದಲು ಆ ನೌಕೆಯ ಕಥೆ ಹೇಳುತ್ತೇನೆ.